ಎರಡು ಹಗ್ಗ, ಒಂದೇ ಗೂಟ

ಈ ಕಥೆ ಶುರುವಾಗುವುದು ಒಂದು ಹಲ್ಲಿಯಿಂದ. ಹಲ್ಲಿ ತಲೆ ಮೇಲೆ ಬಿದ್ದರೆ ಏನು ಫಲ, ಭುಜದ ಮೇಲೆ ಬಿದ್ದರೆ ಏನು ಫಲ ಅಂತ ಪಂಚಾಂಗದಲ್ಲಿ ಪಟ್ಟಿ ಇರುತ್ತದೆ ಅಲ್ವಾ? ಎಕ್ಸ್‌ಟೆನ್ಷನ್ ಬಾಕ್ಸಿನೊಳಗೆ ಹೊಕ್ಕರೆ ಏನು ಫಲ ಅಂತ ಅದರಲ್ಲಿ ಇಲ್ಲ. ನಾನು ಹೇಳುತ್ತೇನೆ: 120 ಹುಡುಗರ ಪರೀಕ್ಷೆ ನಿಲ್ಲುತ್ತದೆ.

ನಾನು ದಾವಣಗೆರೆಯ ಒಂದು ಕಾಲೇಜಿನಲ್ಲಿ ನೆಟ್‌ವರ್ಕ್ ನೋಡಿಕೊಳ್ಳುವವನು. ಹುದ್ದೆ ಸಿಸ್ಟಮ್ ಅಡ್ಮಿನ್. ಕೆಲಸ ಮಾತ್ರ ಪ್ರಿಂಟರಿನಲ್ಲಿ ಸಿಕ್ಕಿಕೊಂಡ ಹಾಳೆಯಿಂದ ಹಿಡಿದು ಗೇಟಿನ ಸಿಸಿ ಕ್ಯಾಮೆರಾವರೆಗೆ. ನಮ್ಮ ಲ್ಯಾಬ್ ಬ್ಲಾಕಿನಲ್ಲಿ ಮೆಟ್ಟಿಲ ಕೆಳಗೆ ಒಂದು ಚಿಕ್ಕ ಕೋಣೆ ಇದೆ. ಮೊದಲು ಪೊರಕೆ, ಫಿನಾಯಿಲ್ ಇಡುತ್ತಿದ್ದರು. ಈಗ ಅದರಲ್ಲಿ ರ‍್ಯಾಕ್ ಇದೆ. ಪೊರಕೆಯೂ ಇದೆ. ರ‍್ಯಾಕಿನಲ್ಲಿ 48 ಪೋರ್ಟಿನ ಮೂರು ನೆಟ್‌ವರ್ಕ್ ಸ್ವಿಚ್‌ಗಳು, ಅಂದರೆ ಕಂಪ್ಯೂಟರುಗಳ ತಂತಿಗಳೆಲ್ಲ ಬಂದು ಸೇರುವ ಪೆಟ್ಟಿಗೆಗಳು. ಸಿಸ್ಕೊ ಕಂಪನಿಯ 2960-ಎಕ್ಸ್, ಒಂದರ ಕೆಳಗೆ ಒಂದು.

ಮೂರನ್ನೂ ಹಿಂದಿನಿಂದ ದಪ್ಪ ಸ್ಟ್ಯಾಕ್ ಕೇಬಲ್ ಹಾಕಿ ಸೇರಿಸಿದ್ದೇವೆ. ಹೀಗೆ ಸೇರಿಸಿದರೆ ಮೂರು ಪೆಟ್ಟಿಗೆ ಸೇರಿ ಒಂದೇ ಸ್ವಿಚ್ ಆಗುತ್ತದೆ. ಒಂದೇ ಐಪಿ, ಒಂದೇ ಕಾನ್ಫಿಗರೇಷನ್, ಒಂದೇ ಲಾಗಿನ್. ಮೂರರಲ್ಲಿ ಒಂದು ಮಾಸ್ಟರ್, ಮನೆಯ ಯಜಮಾನ ಇದ್ದ ಹಾಗೆ. ಉಳಿದವು ಮೆಂಬರ್‌ಗಳು. ಪೋರ್ಟಿನ ಹೆಸರಿನಲ್ಲೇ ಯಾವ ಪೆಟ್ಟಿಗೆ ಅನ್ನೋದು ಗೊತ್ತಾಗುತ್ತದೆ. 1/0/49 ಅಂದರೆ ಮೊದಲ ಸ್ವಿಚ್ಚಿನ 49ನೇ ಪೋರ್ಟು. 3/0/49 ಅಂದರೆ ಮೂರನೆಯದರದ್ದು. ಈ ಮೊದಲ ಅಂಕಿ ನೆನಪಿಟ್ಟುಕೊಳ್ಳಿ. ಕಥೆಯೆಲ್ಲ ಅದರದ್ದೇ.

ಈ ಬ್ಲಾಕಿನಿಂದ ಮೇನ್ ಬ್ಲಾಕಿನ ಸರ್ವರ್ ರೂಮಿಗೆ ಎರಡು ಫೈಬರ್ ಲಿಂಕ್ ಹೋಗುತ್ತವೆ. ಒಂದೊಂದೂ 1 ಜಿಬಿ, ಅಂದರೆ ಸೆಕೆಂಡಿಗೆ 1 ಗಿಗಾಬಿಟ್. ಎರಡನ್ನೂ ಕಟ್ಟಿ ಒಂದು ಪೋರ್ಟ್ ಚಾನೆಲ್ (ಈಥರ್‌ಚಾನೆಲ್, ಬಂಡಲ್ ಅಂತಲೂ ಅಂತಾರೆ) ಮಾಡಿದ್ದೇವೆ. ಕಟ್ಟದೆ ಸುಮ್ನೆ ಎರಡು ತಂತಿ ಎಳೆದರೆ ಏನಾಗುತ್ತದೆ? ಸ್ಪ್ಯಾನಿಂಗ್ ಟ್ರೀ ಎನ್ನುವ ಕಾವಲುಗಾರ ‘ಇಲ್ಲಿ ಲೂಪ್ ಆಗುತ್ತೆ, ಡೇಟಾ ಗಿರಕಿ ಹೊಡೀತಾನೇ ಇರುತ್ತೆ’ ಅಂತ ಒಂದನ್ನು ಮುಚ್ಚಿಬಿಡುತ್ತಾನೆ. ದುಡ್ಡು ಎರಡಕ್ಕೆ, ಕೆಲಸ ಒಂದರದ್ದು. ಕಟ್ಟಿದರೆ ಅವನ ಕಣ್ಣಿಗೆ ಎರಡೂ ಸೇರಿ ಒಂದೇ ತಂತಿ. ಎರಡೂ ದುಡಿಯುತ್ತವೆ. ಒಂದು ಹೋದರೆ ಇನ್ನೊಂದು ಹೊರುತ್ತದೆ. ನಾನು ಕೂಡ ಎಲ್ಲರಿಗೂ ಹಾಗೇ ಹೇಳಿಕೊಂಡು ತಿರುಗುತ್ತಿದ್ದೆ. ‘ನಮ್ದು ರಿಡಂಡೆಂಟ್ ಸಾರ್, ಎರಡು ಲಿಂಕ್ ಇದೆ.’

ಸ್ವಿಚ್ ಹಾಕಿದ ದಿನ ನನಗೆ ಚೆನ್ನಾಗಿ ನೆನಪಿದೆ. ರ‍್ಯಾಕಿನ ನೆತ್ತಿಯಲ್ಲಿ ಎಲ್‌ಐಯು, ಅಂದರೆ ಹೊರಗಿನಿಂದ ಬಂದ ಫೈಬರ್ ಬಂದು ಕೂರುವ ಡಬ್ಬಿ. ಅದರ ಕೆಳಗೇ ಒಂದನೇ ಸ್ವಿಚ್. ಎರಡು ಹಳದಿ ಪ್ಯಾಚ್ ಕಾರ್ಡ್ ತೆಗೆದುಕೊಂಡು ಎಲ್‌ಐಯುನಿಂದ ನೇರ ಕೆಳಗೆ ಒಂದನೇ ಸ್ವಿಚ್ಚಿನ 49 ಮತ್ತು 50ಕ್ಕೆ ಚುಚ್ಚಿದೆ. ಅಕ್ಕಪಕ್ಕ, ಸಮ ಉದ್ದ, ಒಂದು ವೆಲ್ಕ್ರೊ ಪಟ್ಟಿ. ನೋಡಲು ಜಡೆ ಹಾಕಿದ ಹಾಗಿತ್ತು. ಫೋಟೊ ತೆಗೆದು ವಾಟ್ಸಾಪ್ ಗ್ರೂಪಿಗೂ ಹಾಕಿದ್ದೆ. ಎಂಟು ಹತ್ತು ಹೆಬ್ಬೆರಳು ಬಂದವು. ಮೂರು ಸ್ವಿಚ್ ಇರುವಾಗ ಎರಡೂ ಯಾಕೆ ಒಂದರಲ್ಲೇ ಅಂತ ಗ್ರೂಪಿನಲ್ಲಿ ಒಬ್ಬರೂ ಕೇಳಲಿಲ್ಲ. ನಾನೂ ಕೇಳಿಕೊಳ್ಳಲಿಲ್ಲ.

ಇನ್ನು ಹಲ್ಲಿ. ರ‍್ಯಾಕಿನ ಪಿಡಿಯುನಲ್ಲಿ, ಅಂದರೆ ಕರೆಂಟು ಹಂಚುವ ಪಟ್ಟಿಯಲ್ಲಿ, ಆರು ಸಾಕೆಟ್. ಮೂರು ಸ್ವಿಚ್, ಎರಡು ವೈಫೈ ಇಂಜೆಕ್ಟರ್, ಒಂದು ಕ್ಯಾಮೆರಾ ರೆಕಾರ್ಡರ್, ಲೆಕ್ಕ ಸರಿಯಾಗಿತ್ತು. ಆಮೇಲೆ ಬಯೊಮೆಟ್ರಿಕ್ ಯಂತ್ರದ ಅಡಾಪ್ಟರ್ ಬಂತು. ಯಾರೋ ಒಂದನೇ ಸ್ವಿಚ್ಚಿನ ಪವರ್ ಕಾರ್ಡ್ ಕಿತ್ತು, ನೆಲದಲ್ಲಿದ್ದ ಎಕ್ಸ್‌ಟೆನ್ಷನ್ ಬಾಕ್ಸಿಗೆ ಹಾಕಿ, ಆ ಜಾಗ ಅಡಾಪ್ಟರಿಗೆ ಕೊಟ್ಟರು. ‘ಯಾರೋ’ ಅಂದರೆ ನಾನೇ. ತಾತ್ಕಾಲಿಕ ಅಂದುಕೊಂಡಿದ್ದೆ. ಎರಡು ವರ್ಷ ಆಯಿತು.

ಅವತ್ತು ಎರಡು ಲ್ಯಾಬಿನಲ್ಲಿ ಆನ್‌ಲೈನ್ ಇಂಟರ್ನಲ್ ಟೆಸ್ಟ್. ನಾನು ಕ್ಯಾಂಟೀನಿನಲ್ಲಿ ಮಂಡಕ್ಕಿ ಮಿರ್ಚಿ ಮುಂದೆ ಕೂತಿದ್ದೆ. ಫೋನ್ ಬಂತು. ಲ್ಯಾಬ್ ಅಟೆಂಡರ್. ‘ಸಾರ್, ಪೇಪರ್ ಸಬ್ಮಿಟ್ ಆಗ್ತಿಲ್ಲ. ಎಲ್ಲರದ್ದೂ ಸುತ್ತುತಾ ಇದೆ.’ ಒಂದು ಮಿರ್ಚಿ ಕೈಯಲ್ಲಿ ಹಿಡಿದುಕೊಂಡೇ ಓಡಿದೆ.

ಕೋಣೆಯ ಬಾಗಿಲು ತೆಗೆದರೆ ಸುಟ್ಟ ವಾಸನೆ. ಒಂದನೇ ಸ್ವಿಚ್ ಕಪ್ಪಗೆ ಕೂತಿದೆ. ಎರಡು ಮತ್ತು ಮೂರರಲ್ಲಿ ಹಸಿರು ದೀಪಗಳು ಎಂದಿನ ಹಾಗೆ ಮಿನುಗುತ್ತಿವೆ. ಲ್ಯಾಬಿನ ಕಂಪ್ಯೂಟರುಗಳು ಇದ್ದದ್ದೇ ಆ ಎರಡರ ಮೇಲೆ. ಒಂದನೆಯದರಲ್ಲಿ ಸ್ಟಾಫ್ ರೂಮುಗಳು ಮಾತ್ರ. ಅಂದಮೇಲೆ ಲ್ಯಾಬಿಗೇನು ಕಷ್ಟ? ನೀಲಿ ಕನ್ಸೋಲ್ ಕೇಬಲ್ ಎರಡನೆಯದಕ್ಕೆ ಚುಚ್ಚಿ ನೋಡಿದೆ. ಸ್ಟ್ಯಾಕ್ ತನ್ನ ಕೆಲಸ ಸರಿಯಾಗೇ ಮಾಡಿತ್ತು. ಯಜಮಾನ ಹೋದ ಕೂಡಲೇ ಎರಡನೆಯದು ಮಾಸ್ಟರ್ ಆಗಿತ್ತು, ಮೂರನೆಯದು ಒಪ್ಪಿಕೊಂಡಿತ್ತು. ಒಂದು ಲ್ಯಾಬಿನಿಂದ ಇನ್ನೊಂದು ಲ್ಯಾಬಿಗೆ ಪಿಂಗ್ (‘ಇದ್ದೀಯಾ?’ ಅಂತ ಕೇಳುವ ಪರೀಕ್ಷಾ ಸಂದೇಶ) ಹೋಗುತ್ತಿತ್ತು. ಸರ್ವರಿಗೆ ಹೋಗುತ್ತಿರಲಿಲ್ಲ. ‘ಶೋ ಈಥರ್‌ಚಾನೆಲ್ ಸಮರಿ’ ಅನ್ನುವ ಕಮಾಂಡ್ ಹೊಡೆದೆ. ಪೋರ್ಟ್ ಚಾನೆಲ್ ಎದುರು ಆವರಣದಲ್ಲಿ ‘ಎಸ್‌ಡಿ’. ಅದು ‘ಎಸ್‌ಯು’ ಅಂತ ಇರಬೇಕಿತ್ತು. ಯು ಅಂದರೆ ಬಳಕೆಯಲ್ಲಿದೆ, ಡಿ ಅಂದರೆ ಡೌನ್. ಪಕ್ಕದಲ್ಲಿ 1/0/49, 1/0/50. ಎರಡಕ್ಕೂ ಡಿ.

ಆಗ ಹೊಳೆಯಿತು. ನಾನು ಎಮ್ಮೆಗೆ ಎರಡು ಹಗ್ಗ ಕಟ್ಟಿದ್ದೆ. ಎರಡನ್ನೂ ಒಂದೇ ಗೂಟಕ್ಕೆ ಕಟ್ಟಿದ್ದೆ. ಗೂಟ ಕಿತ್ತು ಬಂದಿತ್ತು.

ಹಲ್ಲಿಯನ್ನು ಅಟೆಂಡರ್ ಪೊರಕೆ ಕಡ್ಡಿಯಿಂದ ಎಕ್ಸ್‌ಟೆನ್ಷನ್ ಬಾಕ್ಸಿನೊಳಗಿಂದ ತೆಗೆದ. ಬಾಕ್ಸಿನ ಫ್ಯೂಸ್ ಹೋಗಿತ್ತು, ಅಷ್ಟೇ. ಬೇರೆ ಸಾಕೆಟ್ ಖಾಲಿ ಮಾಡಿ ಸ್ವಿಚ್ ಆನ್ ಮಾಡಿ, ಅದು ಬೂಟ್ ಆಗಿ ಬರುವವರೆಗೆ ಕಾದು, ಹುಡುಗರಿಗೆ ಪೇಪರ್ ಮತ್ತೆ ತೆರೆದುಕೊಡುವ ಹೊತ್ತಿಗೆ 40 ನಿಮಿಷ ಹೋಗಿತ್ತು. ಆ ಎರಡು ಹಳದಿ ಕಾರ್ಡುಗಳಲ್ಲಿ ಒಂದನ್ನು ಕಿತ್ತು ಮೂರನೇ ಸ್ವಿಚ್ಚಿಗೆ ಹಾಕಿ, ಎರಡು ಸಾಲು ಕಾನ್ಫಿಗರೇಷನ್ ಬರೆದಿದ್ದರೆ ಐದು ನಿಮಿಷದ ಕೆಲಸ. ಗಾಬರಿಯಲ್ಲಿ ಅದೂ ಹೊಳೆಯಲಿಲ್ಲ. ಪ್ರಿನ್ಸಿಪಾಲರು ಕೇಳಿದ್ದು ಒಂದೇ ಮಾತು. ‘ಎರಡು ಲಿಂಕ್ ಇದೆ ಅಂತಿದ್ರಲ್ರೀ?’

ಸಂಜೆ ಎಲ್ಲರೂ ಹೋದಮೇಲೆ ಸರಿ ಮಾಡಲು ಕೂತೆ. ಮೊದಲ ಕೆಲಸ ಸುಲಭದ್ದು. 1/0/50ರಲ್ಲಿದ್ದ ಕಾರ್ಡು ತೆಗೆದು 3/0/49ಕ್ಕೆ. ಒಂದು ಬಂಡಲಿನ ಕಾಲುಗಳು ಬೇರೆ ಬೇರೆ ಪೆಟ್ಟಿಗೆಯಲ್ಲಿ ಇರಬಹುದು, ಸ್ಟ್ಯಾಕಿನ ದೊಡ್ಡ ಲಾಭವೇ ಅದು. ಇದಕ್ಕೆ ಕ್ರಾಸ್-ಸ್ಟ್ಯಾಕ್ ಈಥರ್‌ಚಾನೆಲ್ ಅಂತಾರೆ. ಸರ್ವರ್ ರೂಮಿನಲ್ಲಿರುವ ಕೋರ್, ಅಂದರೆ ಮುಖ್ಯ ಸ್ವಿಚ್, ಅದು ಕೂಡ ಎರಡು ಸ್ವಿಚ್ಚಿನ ಸ್ಟ್ಯಾಕ್. ಹೋಗಿ ನೋಡಿದರೆ ಅಲ್ಲೂ ಎರಡೂ ಫೈಬರ್ ಒಂದನೇ ಪೆಟ್ಟಿಗೆಯಲ್ಲೇ. ಅಲ್ಲೂ ನನ್ನದೇ ಜಡೆ. ಒಂದನ್ನು ಎರಡನೆಯದಕ್ಕೆ ಸರಿಸಿದೆ.

ಹೆಸರಿನ ವಿಷಯ ಬಂತು ಅಂತ ಒಂದು ಮಾತು. ಈ ಈಥರ್‌ಚಾನೆಲ್ ಹುಟ್ಟಿದ್ದು ಅಮೆರಿಕದ ‘ಕಲ್ಪನಾ’ ಎಂಬ ಕಂಪನಿಯಲ್ಲಿ. ಭಾರತ ಮೂಲದ ವಿನೋದ್ ಭಾರದ್ವಾಜ್ ಅದರ ಸ್ಥಾಪಕರಲ್ಲಿ ಒಬ್ಬರು. 1990ರಲ್ಲಿ ಮೊದಲ ಈಥರ್‌ನೆಟ್ ಸ್ವಿಚ್ ತಂದವರೂ ಈ ಕಂಪನಿಯವರೇ. 1994ರಲ್ಲಿ ಸಿಸ್ಕೊ ಕೊಂಡುಕೊಂಡಿತು. ನನ್ನ ಸೀನಿಯರ್ ಒಬ್ಬರು ಪಾಠ ಮಾಡುವಾಗ ‘ಇದನ್ನು ಮಾಡಿದ್ದು ಕಲ್ಪನಾ’ ಅಂದಾಗ ನನಗೆ ಮಿನುಗುತಾರೆ ಕಲ್ಪನಾ ಬಿಟ್ಟು ಬೇರೆ ಯಾರೂ ಕಣ್ಣಿಗೆ ಬರಲಿಲ್ಲ. ಇವತ್ತಿಗೂ ಪೋರ್ಟ್ ಚಾನೆಲ್ ಕಾನ್ಫಿಗರ್ ಮಾಡುವಾಗ ಒಂದು ಕಪ್ಪು ಬಿಳುಪು ಮುಖ ಬಂದು ಹೋಗುತ್ತದೆ.

ಆಮೇಲೆ ಎಲ್ಲ ಕಂಪನಿಗಳಿಗೂ ಒಂದೇ ಭಾಷೆ ಬೇಕಾಯಿತು. 2000ದಲ್ಲಿ 802.3ಎಡಿ ಎಂಬ ಸ್ಟ್ಯಾಂಡರ್ಡ್ ಬಂತು, ಅದರೊಳಗೆ ಎಲ್‌ಎಸಿಪಿ. 2008ರಲ್ಲಿ ಅದನ್ನು 802.1ಎಎಕ್ಸ್‌ಗೆ ಸಾಗಿಸಿದರು. ಎಲ್‌ಎಸಿಪಿಯ ಕೆಲಸ ಎರಡು ತುದಿಗಳ ನಡುವೆ ಮಾತು. ‘ನಾನು ಇಂಥವನು, ಇದು ನನ್ನ ಇಂಥ ಪೋರ್ಟು, ನೀನ್ಯಾರು?’ ಒಂದೇ ಬಂಡಲಿನ ಎಲ್ಲ ತಂತಿಗಳ ಆ ಕಡೆ ಒಬ್ಬನೇ ಇದ್ದರೆ ಮಾತ್ರ ಸೇರಿಸಿಕೊಳ್ಳುತ್ತದೆ. ನಿಧಾನದ ಕ್ರಮದಲ್ಲಿ 30 ಸೆಕೆಂಡಿಗೆ ಒಂದು ಸಲ ಮಾತು, ವೇಗದ ಕ್ರಮದಲ್ಲಿ ಪ್ರತಿ ಸೆಕೆಂಡಿಗೆ. ಮೂರು ಸಲ ಮಾತು ಬರದಿದ್ದರೆ ಆ ತಂತಿ ಹೊರಗೆ. ತಂತಿ ಕಿತ್ತರೆ ಬೆಳಕು ಹೋಗುತ್ತದೆ, ಸ್ವಿಚ್ಚಿಗೆ ತಕ್ಷಣ ಗೊತ್ತಾಗುತ್ತದೆ, ಇದಕ್ಕೆಲ್ಲ ಕಾಯುವುದಿಲ್ಲ. ನಡುವೆ ಮೀಡಿಯಾ ಕನ್ವರ್ಟರ್ (ಫೈಬರನ್ನು ತಾಮ್ರದ ತಂತಿಗೆ ಬೆಸೆಯುವ ಡಬ್ಬಿ) ಇದ್ದು, ಬೆಳಕಿದ್ದೂ ಆ ಕಡೆಯವನು ಸತ್ತಿದ್ದರೆ ಆಗ ಈ 90 ಸೆಕೆಂಡು, 3 ಸೆಕೆಂಡಿನ ಲೆಕ್ಕ ಬರುತ್ತದೆ.

ಮಾತೇ ಬೇಡ ಅಂತ ‘ಆನ್’ ಮೋಡಿನಲ್ಲಿ ಬಲವಂತವಾಗಿ ಕಟ್ಟುವವರೂ ಇದ್ದಾರೆ. ನಾನು ಅದನ್ನು ಬಿಟ್ಟು ಬಹಳ ದಿನವಾಯಿತು. ಕೆಲಸ ಕಲಿಯುವಾಗ ಒಮ್ಮೆ ಹಾಗೆ ಕಟ್ಟಿ, ಒಂದು ಫೈಬರನ್ನು ತಪ್ಪಿ ಬೇರೆ ಸ್ವಿಚ್ಚಿಗೆ ಚುಚ್ಚಿದ್ದೆ. ಅವತ್ತು ಲೂಪ್ ಆಗಿ ಇಡೀ ಕಟ್ಟಡದ ಸ್ವಿಚ್‌ಗಳ ದೀಪಗಳು ದೀಪಾವಳಿಯ ಸರದ ಹಾಗೆ ಒಂದೇ ಸಮ ಮಿನುಗಿದವು. ಎಲ್‌ಎಸಿಪಿ ಇದ್ದಿದ್ದರೆ ‘ಇವನು ಅವನಲ್ಲ’ ಅಂತ ಸೇರಿಸಿಕೊಳ್ಳುತ್ತಲೇ ಇರಲಿಲ್ಲ. ಪೆಟ್ಟಿಗೆಯಿಂದ ಪೆಟ್ಟಿಗೆಗೆ ಕಾಲು ಚಾಚಿ ಕಟ್ಟುವಾಗ ತಪ್ಪಿ ಚುಚ್ಚುವುದು ಜಾಸ್ತಿ. ಹಾಗಾಗಿ ಆಕ್ಟಿವ್ ಮೋಡ್, ಅಂದರೆ ತಾನಾಗೇ ಎಲ್‌ಎಸಿಪಿ ಮಾತು ಶುರು ಮಾಡುವ ಕ್ರಮ, ಎರಡೂ ಕಡೆ.

ಸರಿ, ಸರಿಸಿದ್ದಾಯಿತು. ಇನ್ನು ಮನೆಗೆ ಹೋಗೋಣ ಅಂತ ಎದ್ದವನು ರ‍್ಯಾಕಿನ ಹಿಂದೆ ಟಾರ್ಚ್ ಬಿಟ್ಟೆ. ಅಲ್ಲಿ ಇನ್ನೊಂದು ಕಥೆ ಕಾದಿತ್ತು.

ಮೂರು ಸ್ವಿಚ್ಚಿನ ಸ್ಟ್ಯಾಕಿಗೆ ಮೂರು ಕೇಬಲ್ ಬೇಕು. ಒಂದರಿಂದ ಎರಡಕ್ಕೆ, ಎರಡರಿಂದ ಮೂರಕ್ಕೆ, ಮೂರರಿಂದ ತಿರುಗಿ ಒಂದಕ್ಕೆ. ಬಳೆಯ ಹಾಗೆ ಸುತ್ತು ಮುಚ್ಚಬೇಕು. ನಮ್ಮಲ್ಲಿ ಇದ್ದದ್ದು ಎರಡೇ. ಮೂರನೆಯದು ಕೆಳಗೆ ಪೊರಕೆಯ ಪಕ್ಕ, ಪ್ಲಾಸ್ಟಿಕ್ ಕವರಿನಲ್ಲಿ ಹಾಗೇ ಇತ್ತು. ಅರ್ಧ ಮೀಟರಿನದು. ನಡುವೆ ಪ್ಯಾಚ್ ಪ್ಯಾನೆಲ್‌ಗಳಿದ್ದ ಕಾರಣ ಮೇಲಿನಿಂದ ಕೆಳಗೆ ಎಟುಕಿಲ್ಲ. ‘ಎರಡರಲ್ಲೇ ನಡೀತಿದೆಯಲ್ಲ’ ಅಂತ ಬಿಟ್ಟಿದ್ದೇವೆ.

ನಡೆಯುತ್ತದೆ, ನಿಜ. ಬ್ಯಾಂಡ್‌ವಿಡ್ತ್ ಅರ್ಧ ಆಗುತ್ತದೆ ಅಷ್ಟೇ, ಅದು ನಮಗೆ ಬೇಕಾಗಿಯೂ ಇಲ್ಲ. ಆದರೆ ಈಗ ನಾನು ಮಾಡಿದ ಬದಲಾವಣೆ ನೆನೆಸಿಕೊಂಡು ಬೆವರು ಬಂತು. ಅಪ್‌ಲಿಂಕಿನ, ಅಂದರೆ ಕೋರಿಗೆ ಹೋಗುವ ಆ ಬಂಡಲಿನ, ಒಂದು ಕಾಲು ಒಂದನೆಯದರಲ್ಲಿ, ಇನ್ನೊಂದು ಮೂರನೆಯದರಲ್ಲಿ. ಸುತ್ತು ಮುಚ್ಚಿಲ್ಲ. ಈಗ ನಡುವಿನ ಎರಡನೆಯದು ಸತ್ತರೆ? ಒಂದು ಮತ್ತು ಮೂರಕ್ಕೆ ಒಬ್ಬರಿಗೊಬ್ಬರು ಕಾಣುವುದಿಲ್ಲ. ‘ಉಳಿದವನು ನಾನೊಬ್ಬನೇ, ನಾನೇ ಮಾಸ್ಟರ್’ ಅಂತ ಎರಡೂ ಅಂದುಕೊಳ್ಳುತ್ತವೆ. ಎರಡಕ್ಕೂ ಅದೇ ಐಪಿ, ಅದೇ ಕಾನ್ಫಿಗರೇಷನ್. ಎರಡರ ಕೈಯಲ್ಲೂ ಅಪ್‌ಲಿಂಕಿನ ಒಂದೊಂದು ತುದಿ. ಆ ಕಡೆಯ ಕೋರ್ ಮಾತ್ರ ಇನ್ನೂ ಒಂದೇ ಬಂಡಲ್ ಅಂದುಕೊಂಡು ಅರ್ಧ ಪ್ಯಾಕೆಟ್ ಇಲ್ಲಿಗೆ, ಅರ್ಧ ಅಲ್ಲಿಗೆ ಹಂಚಬಹುದು. ಒಂದನೆಯದರಲ್ಲಿರುವ ಕಂಪ್ಯೂಟರಿಗೆ ಬರಬೇಕಾದದ್ದು ಮೂರನೆಯದಕ್ಕೆ ಹೋಗಿ ದಾರಿ ತಪ್ಪುತ್ತದೆ. ಮೊದಲಿದ್ದಾಗ ಸತ್ತರೆ ಸತ್ತೆ ಅನ್ನುತ್ತಿತ್ತು. ಈಗ ಅರೆಜೀವ. ಅದು ಪತ್ತೆ ಹಚ್ಚಲು ಇನ್ನೂ ಕಷ್ಟ.

ಇದನ್ನು ಯಾಕೆ ಇಷ್ಟು ಎಳೆದು ಹೇಳುತ್ತಿದ್ದೇನೆ ಅಂದರೆ, ‘ಅಪ್‌ಲಿಂಕನ್ನು ಸ್ಟ್ಯಾಕಿನ ಬೇರೆ ಬೇರೆ ಮೆಂಬರಿಗೆ ಹಂಚಿ’ ಅನ್ನುವ ಸಲಹೆ ಎಲ್ಲ ಕಡೆ ಸಿಗುತ್ತದೆ. ಹಂಚುವ ಮೊದಲು ಹಿಂದೆ ಹೋಗಿ ಸ್ಟ್ಯಾಕ್ ಕೇಬಲ್ ಎಣಿಸಿ ಅಂತ ಯಾರೂ ಹೇಳುವುದಿಲ್ಲ. ಎಣಿಸಿ. ಸ್ವಿಚ್ ಎಷ್ಟೋ ಕೇಬಲ್ ಅಷ್ಟು. ಈ ಮಾಡೆಲ್ಲಿಗೆ ಅರ್ಧ, ಒಂದು ಮತ್ತು ಮೂರು ಮೀಟರಿನ ಕೇಬಲ್ ಸಿಗುತ್ತದೆ. ನಾನು ಒಂದು ಮೀಟರಿನದು ತರಿಸಿದೆ. ಅದು ಬರುವವರೆಗೆ ಪ್ಯಾಚ್ ಪ್ಯಾನೆಲ್ ಒಂದನ್ನು ಬಿಚ್ಚಿ ಕೆಳಗಿಳಿಸಿ, ಸ್ವಿಚ್‌ಗಳನ್ನು ಒತ್ತೊತ್ತಾಗಿ ಕೂರಿಸಿ, ಅದೇ ಅರ್ಧ ಮೀಟರಿನದನ್ನು ಎಳೆದು ಎಟುಕಿಸಿದೆ. ಹೆರಳು ಎಳೆದು ಬಿಗಿದ ಹಾಗಾಯಿತು, ಆದರೂ ಸುತ್ತು ಮುಚ್ಚಿತು.

ಭಾನುವಾರ ನೆಟ್‌ವರ್ಕಿಗೆ ಪರೀಕ್ಷೆ. ಕಾಲೇಜು ಖಾಲಿ. ಲ್ಯಾಬಿನ ಒಂದು ಕಂಪ್ಯೂಟರಿನಿಂದ ಸರ್ವರಿಗೆ ನಿಲ್ಲದ ಪಿಂಗ್ ಹಚ್ಚಿಟ್ಟು, ಅಟೆಂಡರನ್ನು ಅದರ ಮುಂದೆ ಕೂರಿಸಿದೆ. ‘ನಿಂತರೆ ಕೂಗು, ಎಷ್ಟು ಸಾಲು ಹೋಯ್ತು ಎಣಿಸು.’ ಮೊದಲು ಒಂದು ಫೈಬರ್ ಕಿತ್ತೆ. ‘ಏನೂ ಆಗ್ಲಿಲ್ಲ ಸಾರ್!’ ಹಾಕಿ ಇನ್ನೊಂದು ಕಿತ್ತೆ. ‘ಒಂದು ಹೋಯ್ತು ಸಾರ್!’ ಪರವಾಗಿಲ್ಲ. ಮೂರನೇ ಸ್ವಿಚ್ಚಿನ ಪವರ್ ತೆಗೆದೆ. ಒಂದು ಹೋಯಿತು, ಬಂತು. ನನ್ನ ಮುಖದಲ್ಲಿ ಕಳೆ ಬಂತು. ಆಮೇಲೆ ಒಂದನೆಯದರ ಪವರ್ ತೆಗೆದೆ. ಅವತ್ತು ಅದೇ ಮಾಸ್ಟರ್.

‘ನಿಂತ್ತು ಸಾರ್! ಎರಡು... ಮೂರು... ಐದು...’ ಒಂಬತ್ತಕ್ಕೆ ಹೋಗಿ ನಿಂತು, ಆಮೇಲೆ ಬಂತು.

ಹುಡುಗರ ಟೆಸ್ಟಿಗೆ ಒಂಬತ್ತು ಪಿಂಗ್ ದೊಡ್ಡ ವಿಷಯ ಅಲ್ಲ. ಆದರೆ ಮೂರನೆಯದರ ಫೈಬರ್ ನೆಟ್ಟಗೆ ಬದುಕಿರುವಾಗ ಅದು ಯಾಕೆ ಬಿದ್ದೆದ್ದಿತು? ಲಾಗ್ ನೋಡಿದರೆ ಪೋರ್ಟ್ ಚಾನೆಲ್ಲೇ ಒಮ್ಮೆ ಕೆಳಗೆ ಹೋಗಿ ಮೇಲೆ ಬಂದಿತ್ತು. ಅರ್ಧ ದಿನ ಕೂತು ಮ್ಯಾನುಯಲ್ ಓದಿದಮೇಲೆ ಸಿಕ್ಕಿತು. ಎಲ್‌ಎಸಿಪಿ ‘ನಾನು ಇಂಥವನು’ ಅನ್ನುತ್ತದೆ ಅಂದೆನಲ್ಲ, ಆ ಹೆಸರು ಸ್ಟ್ಯಾಕಿನ ಮ್ಯಾಕ್ ವಿಳಾಸದಿಂದ (ನೆಟ್‌ವರ್ಕ್ ಯಂತ್ರಕ್ಕೆ ಕಾರ್ಖಾನೆಯಲ್ಲೇ ಕೊಡುವ ಗುರುತಿನ ಸಂಖ್ಯೆ) ಬರುತ್ತದೆ. ಸ್ಟ್ಯಾಕಿನ ಮ್ಯಾಕ್ ಅಂದರೆ ಮಾಸ್ಟರಿನ ಮ್ಯಾಕ್. ಯಜಮಾನ ಹೋಗಿ ಇನ್ನೊಬ್ಬ ಬಂದರೆ, ಡಿಫಾಲ್ಟಿನಲ್ಲಿ ಮನೆಯ ಹೆಸರೇ ಬದಲು. ಕೋರ್ ಕಡೆಯಿಂದ ನೋಡಿದರೆ ನಿನ್ನೆಯವರೆಗೆ ಒಂದು ಮನೆಯವನು ಮಾತಾಡುತ್ತಿದ್ದ, ಈಗ ಅದೇ ತಂತಿಯಲ್ಲಿ ಬೇರೆ ಯಾರೋ. ಬಂಡಲ್ ಬಿಚ್ಚಿ ಮತ್ತೆ ಕಟ್ಟಬೇಕು. ಆ ಬಿಚ್ಚಿ ಕಟ್ಟುವ ಹೊತ್ತೇ ನನ್ನ ಒಂಬತ್ತು ಪಿಂಗ್.

ಇದಕ್ಕೆ ಒಂದೇ ಸಾಲಿನ ಮದ್ದು: ‘ಸ್ಟ್ಯಾಕ್-ಮ್ಯಾಕ್ ಪರ್ಸಿಸ್ಟೆಂಟ್ ಟೈಮರ್ 0’. ಇಲ್ಲಿ ಸೊನ್ನೆ ಅಂದರೆ ತಕ್ಷಣ ಅಂತಲ್ಲ, ಯಾವತ್ತೂ ಬದಲಿಸಬೇಡ ಅಂತ. ನನಗೂ ಮೊದಲು ಉಲ್ಟಾ ಅನ್ನಿಸಿತ್ತು. ಯಜಮಾನ ಹೋದರೂ ಮನೆಯ ಹೆಸರು ಹಳೆಯದೇ ಉಳಿಯುತ್ತದೆ. ಹಾಕಿ ಮತ್ತೆ ಪವರ್ ತೆಗೆದೆ. ‘ಒಂದೇ ಸಾರ್!’ ಒಂದು ಎಚ್ಚರಿಕೆ ಬೇಕು. ಸತ್ತ ಹಳೆಯ ಮಾಸ್ಟರನ್ನು ರಿಪೇರಿ ಮಾಡಿಸಿ ಅದೇ ಕ್ಯಾಂಪಸ್ಸಿನ ಬೇರೆ ಮೂಲೆಗೆ ಹಾಕಿದರೆ, ಅದರ ಮ್ಯಾಕ್ ಇಲ್ಲಿ ಇನ್ನೂ ಸ್ಟ್ಯಾಕ್ ಬಳಸುತ್ತಿರುತ್ತದೆ. ಒಂದೇ ವಿಳಾಸಕ್ಕೆ ಇಬ್ಬರು. ಹಾಗಾಗಿ ಆ ಪೆಟ್ಟಿಗೆಯ ಮೇಲೆ ಸ್ಕೆಚ್ ಪೆನ್ನಿನಲ್ಲಿ ‘ಲ್ಯಾಬ್ ಬ್ಲಾಕ್ ಬಿಟ್ಟು ಹೋಗಬಾರದು’ ಅಂತ ಬರೆದಿದ್ದೇನೆ.

ಅದರ ಜೊತೆಗೆ ಇನ್ನೊಂದು ಒಳ್ಳೆಯ ಅಭ್ಯಾಸ ಗೊತ್ತಾಯಿತು. ಸ್ಟ್ಯಾಕಿನಲ್ಲಿ ಮೂರು ಅಥವಾ ಜಾಸ್ತಿ ಸ್ವಿಚ್ ಇದ್ದರೆ, ಅಪ್‌ಲಿಂಕ್ ಇಲ್ಲದ ಸ್ವಿಚ್ಚನ್ನು ಮಾಸ್ಟರ್ ಮಾಡಿ. ಆಗ ಒಂದೇ ಪೆಟ್ಟಿಗೆ ಸತ್ತಾಗ ಯಜಮಾನನೂ ದಾರಿಯೂ ಒಟ್ಟಿಗೆ ಹೋಗುವುದಿಲ್ಲ. ನಮ್ಮಲ್ಲಿ ನಡುವಿನ ಎರಡನೆಯದಕ್ಕೆ ಪ್ರಯಾರಿಟಿ 15 ಕೊಟ್ಟೆ. ಅದೇ ಗರಿಷ್ಠ, ಡಿಫಾಲ್ಟ್ 1. ಕೊಟ್ಟ ತಕ್ಷಣ ಅಧಿಕಾರ ಬದಲಾಗುವುದಿಲ್ಲ. ಕೂತವನು ಕೂತೇ ಇರುತ್ತಾನೆ, ಮುಂದಿನ ಚುನಾವಣೆಯವರೆಗೆ. ನಾನು ಇಡೀ ಸ್ಟ್ಯಾಕನ್ನು ಒಮ್ಮೆ ರೀಲೋಡ್ ಮಾಡಿದೆ.

ಸೋಮವಾರ ಗ್ರಾಫ್ ನೋಡಿದರೆ ಹೊಸ ತಮಾಷೆ. ಎರಡು ಕಾಲುಗಳಲ್ಲಿ ಒಂದು ಕಾಲಿನ ಮೇಲೇ ಭಾರವೆಲ್ಲ. ಹೊರಗೆ ಹೋಗುವ ಟ್ರಾಫಿಕ್ ಹೆಚ್ಚುಕಮ್ಮಿ ಸಮನಾಗಿ ಹಂಚಿದೆ. ಕೋರಿನಿಂದ ಈ ಕಡೆ ಬರುವುದು ಮಾತ್ರ ಪೂರ್ತಿ ಒಂದರಲ್ಲೇ. ಬರುವುದೇ ತಾನೇ ಜಾಸ್ತಿ? ಹುಡುಗರು ಡೌನ್‌ಲೋಡ್ ಮಾಡುವವರೇ ಹೊರತು ಅಪ್‌ಲೋಡ್ ಮಾಡುವವರಲ್ಲ.

ಬಂಡಲ್ ಅಂದರೆ ಎರಡು 1 ಜಿಬಿ ಸೇರಿ ಒಂದು 2 ಜಿಬಿ ಪೈಪು ಅಲ್ಲ. ಪ್ರತಿ ಪ್ಯಾಕೆಟ್ಟಿನ ವಿಳಾಸ ನೋಡಿ ಒಂದು ಲೆಕ್ಕ ಹಾಕಿ, ಎಂಟು ಬುಟ್ಟಿಗಳಲ್ಲಿ ಒಂದಕ್ಕೆ ಹಾಕುತ್ತದೆ. ಎರಡು ತಂತಿ ಇದ್ದರೆ ತಲಾ ನಾಲ್ಕು ಬುಟ್ಟಿ. ಮೂರಿದ್ದರೆ 3, 3, 2. ನಾಲ್ಕಿದ್ದರೆ ಎರಡೆರಡು. ಒಂದು ಮಾತುಕತೆಯ ಪ್ಯಾಕೆಟ್ಟುಗಳೆಲ್ಲ ಒಂದೇ ಬುಟ್ಟಿಗೆ ಬೀಳುತ್ತವೆ, ಇಲ್ಲದಿದ್ದರೆ ಹಿಂದೆ ಮುಂದೆ ಆಗಿ ತಲುಪುತ್ತವೆ. ಇಲ್ಲಿ ಯಾವ ವಿಳಾಸ ನೋಡುತ್ತದೆ ಅನ್ನೋದೇ ಮುಖ್ಯ. ನಮ್ಮ ಕೋರಿನಲ್ಲಿ ಸೆಟ್ಟಿಂಗ್ ‘ಸೋರ್ಸ್ ಮ್ಯಾಕ್’ ಅಂತ ಇತ್ತು. ಗೇಟ್‌ವೇ, ಅಂದರೆ ಲ್ಯಾಬಿನ ನೆಟ್‌ವರ್ಕಿನಿಂದ ಹೊರಗೆ ಹೋಗುವ ಬಾಗಿಲು, ಇರುವುದು ಕೋರಿನಲ್ಲೇ. ಇಂಟರ್ನೆಟ್ಟಿನಿಂದ ಬರಲಿ, ಸರ್ವರಿನಿಂದ ಬರಲಿ, ರೂಟ್ ಆಗಿ ಲ್ಯಾಬಿಗೆ ಇಳಿಯುವ ಪ್ರತಿ ಪ್ಯಾಕೆಟ್ಟಿನ ಮೇಲೂ ಕಳಿಸಿದವರ ಮ್ಯಾಕ್ ಕೋರಿನದ್ದೇ. ಎಲ್ಲ ಕಾಗದಕ್ಕೂ ಒಂದೇ ಪೋಸ್ಟ್ ಆಫೀಸಿನ ಮೊಹರು. ಮೊಹರು ನೋಡಿ ಹಂಚಿದರೆ ಎಲ್ಲ ಒಂದೇ ಬುಟ್ಟಿಗೆ. ಲ್ಯಾಬಿನ ಕಡೆಯಿಂದ ಹೋಗುವಾಗ ಒಂದೊಂದು ಕಂಪ್ಯೂಟರಿಗೆ ಒಂದೊಂದು ಮ್ಯಾಕ್, ಹಾಗಾಗಿ ಅಲ್ಲಿ ತೊಂದರೆ ಕಾಣಲಿಲ್ಲ.

ಎರಡೂ ಕಡೆ ‘ಪೋರ್ಟ್-ಚಾನೆಲ್ ಲೋಡ್-ಬ್ಯಾಲೆನ್ಸ್ ಸೋರ್ಸ್-ಡೆಸ್ಟ್-ಐಪಿ’ ಮಾಡಿದೆ. ಕಳಿಸಿದವರ ಐಪಿ, ತಲುಪಬೇಕಾದವರ ಐಪಿ ಎರಡನ್ನೂ ನೋಡಿ ಹಂಚು ಅಂತ. ಗೆರೆಗಳು ಹತ್ತಿರ ಬಂದವು. ಈ ಸೆಟ್ಟಿಂಗ್ ಒಂದು ಬಂಡಲಿಗಲ್ಲ, ಇಡೀ ಸ್ಟ್ಯಾಕಿಗೆ ಅನ್ವಯ. ಹಾಗಾಗಿ ಕೋರಿನಲ್ಲಿ ಮಾಡುವಾಗ ಸಂಜೆಯವರೆಗೆ ಕಾದೆ.

ಇದನ್ನು ಗೆಳೆಯನೊಬ್ಬನಿಗೆ ಹೇಳಿದಾಗ ಅವನು ಕೇಳಿದ. ‘ಒಂದನೇ ಸ್ವಿಚ್ಚಿನಲ್ಲಿರೋ ಕಂಪ್ಯೂಟರಿಂದ ಬಂದದ್ದು ಮೂರನೆಯದರ ಫೈಬರಿಗೆ ಹೋದರೆ, ಸುಮ್ನೆ ಸ್ಟ್ಯಾಕ್ ಕೇಬಲ್ ಮೇಲೆ ಸುತ್ತು ಹಾಕಿದ ಹಾಗಾಗಲ್ವಾ?’ ಆಗುತ್ತದೆ. ಆದರೆ ಈ ಸ್ಟ್ಯಾಕಿನ ಬೆನ್ನು 80 ಜಿಬಿಯದು, ಅಪ್‌ಲಿಂಕ್ ಎರಡೂ ಸೇರಿ 2. ಯಾರಿಗೂ ಗೊತ್ತಾಗುವುದಿಲ್ಲ. ಬೇರೆ ಕಂಪನಿಗಳಲ್ಲಿ ಇದಕ್ಕೆ ಬೇರೆ ಪದ್ಧತಿ ಇದೆ. ಎಚ್‌3ಸಿ ಮತ್ತು ಹುವಾವೆ ಸ್ಟ್ಯಾಕುಗಳು ಮೊದಲಿಗೇ ತಮ್ಮ ಪೆಟ್ಟಿಗೆಯ ಅಪ್‌ಲಿಂಕನ್ನೇ ಹುಡುಕುತ್ತವೆ. ಜುನಿಪರಿನಲ್ಲಿ ಲೋಕಲ್ ಬಯಾಸ್ ಅಂತ ಇದೆ, ಬೇಕಾದರೆ ನಾವೇ ಹಾಕಿಕೊಳ್ಳಬೇಕು. ಹತ್ತಿರದ ಬಾವಿಯ ನೀರು ಸೇದುವುದು ಒಳ್ಳೆಯದೇ. ಆದರೆ ಒಂದು ಪೆಟ್ಟಿಗೆಯಲ್ಲೇ ದೊಡ್ಡ ಲ್ಯಾಬು ಇದ್ದು, ಅದರ ಪಾಲಿಗೆ ಒಂದೇ ಕಾಲು ಇದ್ದರೆ, ಪಕ್ಕದ ಪೆಟ್ಟಿಗೆಯ ಕಾಲು ಖಾಲಿ ಇದ್ದರೂ ಇದು ಉಸಿರುಗಟ್ಟುತ್ತದೆ. ನನಗೆ ಸುತ್ತು ಹಾಕುವುದೇ ವಾಸಿ ಅನ್ನಿಸುತ್ತದೆ.

ಪವರ್ ವಿಷಯ ಬೇಗ ಹೇಳಿಬಿಡುತ್ತೇನೆ, ಅದರಲ್ಲಿ ನಾಚಿಕೆ ಬಿಟ್ಟರೆ ಬೇರೇನೂ ಇಲ್ಲ. ಎಕ್ಸ್‌ಟೆನ್ಷನ್ ಬಾಕ್ಸ್ ಕಸಕ್ಕೆ ಹೋಯಿತು. ಎರಡನೇ ಪಿಡಿಯು ಬಂತು, ಅದು ಬೇರೆ ಯುಪಿಎಸ್ ಮೇಲಿದೆ. ಒಂದನೇ ಸ್ವಿಚ್ ಹಳೆಯದರಲ್ಲಿ, ಮೂರನೆಯದು ಹೊಸದರಲ್ಲಿ. ಈ ಮಾಡೆಲ್ಲಿನಲ್ಲಿ ಒಳಗೆ ಪವರ್ ಸಪ್ಲೈ ಒಂದೇ. ಹಾಗಾಗಿ ಅಪ್‌ಲಿಂಕ್ ಇರುವ ಎರಡು ಪೆಟ್ಟಿಗೆ ಒಂದೇ ಯುಪಿಎಸ್ ನಂಬಿದ್ದರೆ ಮತ್ತೆ ಒಂದೇ ಗೂಟದ ಕಥೆ.

ಮೊನ್ನೆ ಕೇಬಲ್ ಕೆಲಸಕ್ಕೆ ಬಂದ ಹೊಸ ಹುಡುಗ ರ‍್ಯಾಕ್ ನೋಡಿ ಮುಖ ಕಿವುಚಿದ. ಎಲ್‌ಐಯುನಿಂದ ಒಂದು ಹಳದಿ ಕಾರ್ಡು ನೇರ ಇಳಿದಿದೆ. ಇನ್ನೊಂದು ಪಕ್ಕಕ್ಕೆ ಹೋಗಿ, ಎರಡು ಸ್ವಿಚ್ ದಾಟಿ, ಕೆಳಗೆ ಬಾಗಿ ಮೂರನೆಯದಕ್ಕೆ ಹೋಗಿದೆ. ‘ಸಾರ್, ಮೇಲೆ 50 ಖಾಲಿ ಇದೆಯಲ್ಲ, ಇದನ್ನ ಅಲ್ಲೇ ಹಾಕಿಬಿಡ್ಲಾ? ನೀಟಾಗಿ ಕಾಣುತ್ತೆ.’ ‘ಮುಟ್ಟಬೇಡಪ್ಪ’ ಅಂದೆ. ಅವನು ಹೋದಮೇಲೆ 1/0/50ಕ್ಕೆ ಒಂದು ರಬ್ಬರ್ ಬಿರಡೆ ಹಾಕಿ ಮೇಲೆ ಕೆಂಪು ಟೇಪ್ ಸುತ್ತಿದೆ.

ಇಷ್ಟೆಲ್ಲ ಆದಮೇಲೂ ಒಂದು ಗೂಟ ಉಳಿದಿದೆ. ಎರಡು ಫೈಬರ್ ಅಂತೀವಲ್ಲ, ಅವೆರಡೂ ಆರು ಎಳೆಯ ಒಂದೇ ಕೇಬಲ್ ಒಳಗಿನವು. ಆ ಕೇಬಲ್ ಮೈದಾನದ ಅಂಚಿನಲ್ಲಿ ಒಂದೇ ಪೈಪಿನಲ್ಲಿ ಹೋಗುತ್ತದೆ. ಅದರ ಪಕ್ಕದಲ್ಲೇ ಕುಡಿಯುವ ನೀರಿನ ಹೊಸ ಲೈನಿಗೆ ಸುಣ್ಣದ ಗುರುತು ಹಾಕಿದ್ದಾರೆ. ಜೆಸಿಬಿಗೆ ಒಂದನೇ ಮೆಂಬರು, ಮೂರನೇ ಮೆಂಬರು ಅಂತ ಭೇದ ಇಲ್ಲ. ಲೈಬ್ರರಿ ಬ್ಲಾಕಿನ ಕಡೆಯಿಂದ ಇನ್ನೊಂದು ಕೇಬಲ್ ಎಳೆದು, ಮೂರನೆಯದರ ಕಾಲನ್ನು ಅದರಲ್ಲಿ ಕಳಿಸೋಣ ಅಂತ ಕೊಟೇಷನ್ ಇಟ್ಟು ಫೈಲ್ ಕಳಿಸಿದ್ದೇನೆ. ಅಕೌಂಟ್ಸ್ ಸೆಕ್ಷನ್ನಿನಿಂದ ಫೈಲ್ ವಾಪಸ್ ಬಂದಿದೆ. ಮೇಲೆ ಪೆನ್ಸಿಲ್ಲಿನಲ್ಲಿ ಒಂದು ಸಾಲು: ‘ಈಗ ನೆಟ್ ಬರುತ್ತಿದೆ ಅಲ್ವಾ?’

ಸುಣ್ಣದ ಗುರುತಿನ ಫೋಟೊ ತೆಗೆದು ಫೈಲಿಗೆ ಲಗತ್ತಿಸಿ ಇವತ್ತು ಮತ್ತೆ ಕಳಿಸಿದೆ.